ಒತ್ತು ನಾನು ಹಾಕ್ಕೋತೀನಿ

ಅವನನ್ನು ಪೇಟೆಯವರೆಲ್ಲ ರಿಮೋಟು ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಇಲ್ಲವೆನ್ನುವಂತಿಲ್ಲ, ಆದರೆ ಕರೆಂಟ್ ಬಿಲ್ಲಿನಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಕಾಣಿಸುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ ಉಳಿದುಹೋದ ಓರೆ ಜಾಗದಲ್ಲಿ ಅವನ ಅಂಗಡಿ. ಎದ್ದು ನಿಂತರೆ ತಲೆಗೆ ಮೆಟ್ಟಿಲು ತಾಗುತ್ತಿತ್ತು, ಹಾಗಾಗಿ ದಿನವಿಡೀ ಕೂತೇ ಇರುತ್ತಿದ್ದ. ಟಿ.ವಿ.ಯದೋ ಫ್ಯಾನಿನದೋ, ಯಾರ ಮನೆಯ ರಿಮೋಟ್ ಮುಷ್ಕರ ಹೂಡಿದರೂ ಅವನ ಮುಂದೆ ಬಂದು ಬೀಳಬೇಕು. ಅವನು ಅದನ್ನು ಮೊಬೈಲಿನ ಕ್ಯಾಮೆರಾ ಮುಂದೆ ಹಿಡಿದು ಗುಂಡಿ ಒತ್ತುವನು. ಬರಿಗಣ್ಣಿಗೆ ಕಾಣದ ಬೆಳಕು ಕ್ಯಾಮೆರಾದಲ್ಲಿ ನೇರಳೆ ಚುಕ್ಕೆಯಾಗಿ ಮಿನುಗಿದರೆ, ಜೀವ ಇದೆ ಎನ್ನುವನು. ಮಿನುಗದಿದ್ದರೆ ಮಾತಿಲ್ಲದೆ ಮುಚ್ಚಳ ಬಿಚ್ಚುವನು.

ಊರಿಗೆಲ್ಲ ರಿಮೋಟ್ ಸರಿಮಾಡಿಕೊಡುತ್ತೀಯಲ್ಲ, ನಿನ್ನ ಮನೆಯ ರಿಮೋಟ್ ಯಾರ ಕೈಯಲ್ಲಿದೆ ಎಂದು ಪಕ್ಕದ ಬೀಗದ ರಿಪೇರಿಯವನು ಆಗಾಗ ಕಾಲೆಳೆಯುತ್ತಿದ್ದ. ಯಾರ ಕೈಯಲ್ಲಾದರೂ ಇರಲಿ, ಸೆಲ್ ನನ್ನ ಜೇಬಿನಲ್ಲಿದೆ ಎಂದು ಇವನು ಉತ್ತರ ಕೊಡುತ್ತಿದ್ದ. ಇಬ್ಬರೂ ನಗುತ್ತಿದ್ದರು. ಆದರೆ ಅದು ತಮಾಷೆಯ ಮಾತಾಗಿರಲಿಲ್ಲ, ಅವನ ಸಂಸಾರ ನಡೆದದ್ದೇ ಹಾಗೆ.

ಕೆಟ್ಟವನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು, ಅಷ್ಟೇ. ಬಾಯಿಂದ ಒಮ್ಮೆ ಹೊರಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ನಾಲಿಗೆ ಸುಟ್ಟುಹೋಗುತ್ತದೆ ಎಂಬಂತೆ ಆಡುತ್ತಿದ್ದ. ಇಂಥವರನ್ನು ಜನ ಖಡಕ್ ಮನುಷ್ಯ ಎಂದು ಹೊಗಳುತ್ತಾರೆ. ಹೊಗಳುವವರಿಗೇನು, ಅವರು ಆ ಮನೆಯಲ್ಲಿ ಬಾಳ್ವೆ ಮಾಡಬೇಕಾಗಿರುವುದಿಲ್ಲ.

ಅವರಿಗೆ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ತಾಯಿ ಗುಬ್ಬಿ ಎಂದು ಕರೆದಳು, ಅದೇ ನಿಂತಿತು. ರಿಮೋಟು ಅವಳನ್ನು ತನ್ನ ಗೆಳೆಯನ ಮಗನಿಗೇ ಕೊಟ್ಟು ಮದುವೆ ಮಾಡಿದ. ಎರಡು ವರ್ಷ ತುಂಬುವ ಮೊದಲೇ ಅವಳು ಒಂದು ಚೀಲ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಆ ಮನೆಯಲ್ಲಿ ಏನೇನು ಅನುಭವಿಸಿದಳೆಂದು ತಾಯಿಗೆ ಹೇಳಿದಳು. ತಂದೆ ಕೇಳಿಸಿಕೊಳ್ಳಲಿಲ್ಲ, ಗೆಳೆಯನಿಗೆ ಮುಖ ತೋರಿಸುವುದು ಹೇಗೆ ಎನ್ನುವುದೊಂದೇ ಅವನ ಚಿಂತೆ. ವಾಪಸ್ಸು ಹೋಗು ಎಂದ. ಸತ್ತರೂ ಹೋಗುವುದಿಲ್ಲ ಎಂದಳು. ಅವಳದ್ದೂ ಅಪ್ಪನಿಂದ ಬಂದ ಹಟವೇ ತಾನೆ.

"ಹಾಗಾದ್ರೆ ನೀನು ನನ್ನ ಮಗಳಲ್ಲ," ಎಂದ ಅವನು.

ಗುಬ್ಬಿ ಚೀಲವನ್ನು ಕೆಳಗೂ ಇಡಲಿಲ್ಲ, ಹಾಗೇ ತಿರುಗಿ ಮೆಟ್ಟಿಲಿಳಿದು ಹೋದಳು. ಬೇರೆ ಊರಿನ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದಳೆಂದು ಆಮೇಲೆ ಯಾರಿಂದಲೋ ತಿಳಿಯಿತು. ಆ ಸಂಜೆ ಹೆಂಡತಿ ಗುಬ್ಬಿ, ಗುಬ್ಬಿ ಎಂದು ಅಳುತ್ತಿದ್ದಾಗ ಅವನು, ಆ ಹೆಸರು ಇನ್ನು ಈ ಮನೆಯಲ್ಲಿ ಬರಕೂಡದು ಎಂದು ಖಂಡತುಂಡವಾಗಿ ಹೇಳಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಆಯ್ತು ರೀ ಎಂದಳು. ಗಂಡನ ಮಾತನ್ನು ಅಕ್ಷರಶಃ ಪಾಲಿಸುವ ಹೆಂಗಸು. ಬರಕೂಡದು ಎಂದ ಮೇಲೆ ಆ ಹೆಸರು ಅವಳ ಬಾಯಲ್ಲಿ ಬರಲೇ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮನೆಯಲ್ಲಿ ಎರಡೂ ಒಂದೇ ದಿನ ಆಗಿಹೋದವು.

ಹೆಂಡತಿ ಹಿಂದೆ ಟೈಪಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದವಳು. ಕಂಪ್ಯೂಟರು ಬಂದು ಕ್ಲಾಸು ಮುಚ್ಚಿತು, ಆದರೆ ಬೆರಳುಗಳಿಗೆ ಆ ಸುದ್ದಿ ತಲುಪಲಿಲ್ಲ. ಯೋಚನೆಯಲ್ಲಿ ಕೂತಾಗ ಮೇಜಿನ ಮೇಲೋ ತೊಡೆಯ ಮೇಲೋ ಅವು ಏನನ್ನೋ ಬಡಿಯುತ್ತಿರುತ್ತಿದ್ದವು. ಏನು ಟೈಪ್ ಮಾಡುತ್ತಿದ್ದೀಯೆ ಎಂದರೆ, ಏನಿಲ್ಲ ಬಿಡಿ ಎನ್ನುತ್ತಿದ್ದಳು. ಮಗಳು ಹೋದ ಮೇಲೆ ಆ ಬಡಿತ ಹೆಚ್ಚಾಯಿತು. ಅದನ್ನು ಅವನು ಗಮನಿಸಿದ್ದ, ಕೇಳಿರಲಿಲ್ಲ.

ಮೊದಲು ಅವಳಿಗೆ ತೊದಲು ಶುರುವಾಯಿತು. ಆಮೇಲೆ ಕಾಲು ಎಡವತೊಡಗಿತು, ಕೈಯಿಂದ ಲೋಟ ಜಾರತೊಡಗಿತು. ನರಗಳ ಕಾಯಿಲೆ, ಒಂದೊಂದೇ ಅಂಗವನ್ನು ಹಿಡಿಯುತ್ತ ಹೋಗುತ್ತದೆ, ತಡೆಯುವ ಮದ್ದಿಲ್ಲ ಎಂದರು ಡಾಕ್ಟರು. ಬುದ್ಧಿ ಮಾತ್ರ ಕೊನೆಯವರೆಗೂ ಚುರುಕಾಗಿಯೇ ಇರುತ್ತದೆ ಎಂದೂ ಹೇಳಿದರು. ಅದನ್ನು ಒಳ್ಳೆಯ ಸುದ್ದಿಯಂತೆ ಹೇಳಿದ್ದು ಅವನನ್ನು ಬಹಳ ದಿನ ಕೊರೆಯಿತು.

ಮಾತು ಪೂರ್ತಿ ಅಳಿಸಿಹೋಗುವ ಮುಂಚೆ ಒಂದು ಮಧ್ಯಾಹ್ನ ಅವಳು ಬಹಳ ಕಷ್ಟಪಟ್ಟು, ಒಂದು ಸಲ ನೋಡಬೇಕು ಎಂದಳು. ಯಾರನ್ನು ಎಂದು ಹೇಳಲಿಲ್ಲ. ಅವನಿಗೆ ಅರ್ಥವಾಗಿತ್ತು. ಆದರೂ, ನೋಡೋಣ ಎಂದಷ್ಟೇ ಹೇಳಿ ಅಂಗಡಿಗೆ ಹೋದ. ಅದಾದ ಮೇಲೆ ಅವಳ ಗಂಟಲಿನಿಂದ ಬರೀ ಗಾಳಿ ಬರತೊಡಗಿತು. ಆಗ ಅವನಿಗೆ ಹೆದರಿಕೆಯಾಯಿತು. ಮನಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬಂದ: ತಾನಾಗಿಯೇ ಮಗಳನ್ನು ಕರೆಸಲಾರ, ಅದು ಆಗದ ಮಾತು. ಆದರೆ ಹೆಂಡತಿ ಇನ್ನೊಮ್ಮೆ ಬಾಯಿಬಿಟ್ಟು ಕೇಳಿದರೆ, ಆ ಹೆಸರೆತ್ತಿದರೆ, ಮರುಮಾತಿಲ್ಲದೆ ಕರೆಸುವುದು. ಸಾಯುವವಳ ಆಸೆ ಎಂದರೆ ಯಾರೂ ನಗುವುದಿಲ್ಲ, ತನ್ನ ಮಾತಿಗೂ ಭಂಗವಿಲ್ಲ. ನೋಡಿ ಹೇಗಿದೆ ಲೆಕ್ಕಾಚಾರ. ಬಾಯಿಲ್ಲದವಳು ಬಾಯಿಬಿಟ್ಟು ಕೇಳಲಿ ಎಂದು ಕಾದು ಕೂತ ಗಂಡಸು.

ಹಾಗೆ ಕೇಳಲೆಂದೇ ಅವಳಿಗೊಂದು ಬಾಯಿ ಮಾಡಿಕೊಡಲು ಹೊರಟ. ಹಳೆಯ ಕಂಬಳಿ ಹುಡುಕುತ್ತ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದಾಗ ಅದರಲ್ಲಿ ಗುಬ್ಬಿಯ ಆಟದ ಯಂತ್ರ ಸಿಕ್ಕಿತು. ಎರಡು ಕೈಯಲ್ಲಿ ಹಿಡಿದು ಆಡುವಂಥದು, ನಡುವೆ ಪುಟ್ಟ ಪರದೆ, ಹಿಂದೆ ಅವಳು ಅಂಟಿಸಿದ ನಕ್ಷತ್ರದ ಸ್ಟಿಕ್ಕರು ಅರ್ಧ ಹರಿದಿತ್ತು. ಶಾಲೆಯಲ್ಲಿದ್ದಾಗ ಅವನೇ ಕೊಡಿಸಿದ್ದು. ಅದರ ಮೇಲಂಚಿನಲ್ಲಿ ಉಗುರಿನಷ್ಟು ಕಪ್ಪು ಕಿಟಕಿ. ಇಬ್ಬರು ಮಕ್ಕಳು ಎದುರುಬದುರು ಕೂತು ಆಡುವಾಗ ಎರಡು ಯಂತ್ರಗಳು ಆ ಕಿಟಕಿಯಿಂದ ಮಾತಾಡಿಕೊಳ್ಳುತ್ತವೆ. ರಿಮೋಟಿನದೇ ಬೆಳಕು, ಕಣ್ಣಿಗೆ ಕಾಣದ್ದು. ಅಂಗಡಿಯ ಮೂಲೆಯಲ್ಲಿ, ರಿಪೇರಿಗೆ ಕೊಟ್ಟವರು ಮರಳಿ ಬಾರದೆ ಉಳಿದುಹೋದ, ತಂತಿಯಿಲ್ಲದೆ ಅದೇ ಬೆಳಕು ಬೀರುವ ಕೀಬೋರ್ಡೂ ಒಂದಿತ್ತು. ಇವೆರಡನ್ನೂ ಎದುರುಬದುರು ಕೂರಿಸಿದರೆ ಹೇಗೆ ಎನ್ನಿಸಿತು ಅವನಿಗೆ. ಇಂಥ ಹುಚ್ಚಿರುವವರು ಲೋಕದಲ್ಲಿ ಬೇರೆಯವರೂ ಇದ್ದರು. ಆಟದ ಯಂತ್ರದ ಮೇಲೆ ಅಕ್ಷರ ಬರೆಯುವ ಸಣ್ಣದೊಂದು ಪ್ರೋಗ್ರಾಮನ್ನು ಯಾರೋ ಮಾಡಿ ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದರು. ಎಷ್ಟೋ ದಿನ ಒದ್ದಾಡಿ ಅದನ್ನು ಮೆಮೊರಿ ಕಾರ್ಡಿಗೆ ಹಾಕಿದ. ಹೊಸ ಉಪಕರಣ ತರಿಸಿ ಎಂದು ಡಾಕ್ಟರು ಹೇಳಿದ್ದರು. ಆದರೆ ಕಾಣದ ಬೆಳಕೊಂದು ಬಿಟ್ಟು ಬೇರೆ ಯಾವ ವಿದ್ಯೆಯ ಮೇಲೂ ಅವನಿಗೆ ನಂಬಿಕೆಯಿರಲಿಲ್ಲ.

ಕೀಬೋರ್ಡನ್ನು ದಿಂಬಿನ ಮೇಲೆ ಅವಳ ಬಲಗೈಯಡಿ ಇಟ್ಟ. ಯಂತ್ರವನ್ನು ಎದುರಿಗೆ ಸ್ಟೂಲಿನ ಮೇಲೆ, ಕಪ್ಪು ಕಿಟಕಿ ಅವಳ ಕಡೆ ಮಾಡಿ ನಿಲ್ಲಿಸಿದ. ಅವಳ ತೋರುಬೆರಳೊಂದು ಇನ್ನೂ ಏಳುತ್ತಿತ್ತು. ಬೆರಳು ತಡಕಾಡಲಿಲ್ಲ, ಹಳೆಯ ಮನೆಗೆ ಬಂದವರಂತೆ ಗುಂಡಿಗಳನ್ನು ಹುಡುಕಿಕೊಂಡಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಒಂದೊಂದೇ ಬಂದವು: ಎನ್, ಐ, ಆರ್, ಯು. ನೀರು. ಅವನು ಚಮಚದಲ್ಲಿ ನೀರು ಕುಡಿಸಿ, ಅಡಿಗೆಮನೆಗೆ ಹೋಗಿ ಗೋಡೆಗೆ ಹಣೆ ಒತ್ತಿ ಅತ್ತ. ಹೊರಗೆ ಬಂದು ಅವಳ ಕೈ ಹಿಡಿದು ಹೇಳಿದ:

"ಇನ್ಮೇಲೆ ಏನು ಬೇಕಾದ್ರೂ ಕೇಳು. ಏನೇ ಕೇಳಿದ್ರೂ ಇಲ್ಲ ಅನ್ನಲ್ಲ."

ಅವಳು ಅವನನ್ನೇ ನೋಡಿದಳು, ರೆಪ್ಪೆ ಬಡಿಯದೆ.

ಆ ಬೆಳಕಿನದು ಬಲು ನಾಜೂಕಿನ ವ್ಯವಹಾರ. ನಡುವೆ ಒಂದು ಕೈ ಅಡ್ಡ ಬಂದರೆ ಅಕ್ಷರ ಬೀಳುವುದಿಲ್ಲ. ಬಿಸಿಲು ಬಿದ್ದರೆ ಯಂತ್ರ ಕುರುಡಾಗುತ್ತದೆ. ಆದ್ದರಿಂದ ಅವನು ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ ಹೊಡೆದ. ಬೀದಿಗೆ ತೆರೆದ ಕಿಟಕಿ ಅದು. ಕಾಲು ಹೋದ ಮೇಲೆ ಅವಳಿಗೆ ಉಳಿದ ಲೋಕವೆಂದರೆ ಅದೇ. ಶಾಲೆಯ ಆಟೋ, ಎದುರುಮನೆಯ ತೊಟ್ಟಿಯ ಹತ್ತಿರದ ಜಗಳ, ಯಾರು ಬಂದರು, ಯಾರು ಹೋದರು. ಎರಡನೆಯ ದಿನವೇ ಅವಳು ಕಿಟಕಿ ಎಂದು ಬರೆದಳು. ತೆರೆದರೆ ನಿನ್ನ ಮಾತು ನನಗೆ ಕಾಣಿಸುವುದಿಲ್ಲವಲ್ಲ ಎಂದು ಅವನು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ. ಮಾತು ಬೇಕೆಂದರೆ ಬೆಳಕು ಬಿಡಬೇಕು, ಬೆಳಕು ಬೇಕೆಂದರೆ ಮಾತು. ಅವಳು ಮತ್ತೆ ಕಿಟಕಿಯನ್ನು ಕೇಳಲಿಲ್ಲ.

ಇನ್ನೊಂದು ತೊಡಕು ಇತ್ತು, ಅದನ್ನು ಕಂಡುಹಿಡಿದವನೂ ಅವನೇ. ಬೆರಳು ಗುಂಡಿಯಿಂದ ಪೂರ್ತಿ ಎದ್ದಿದೆ ಎನ್ನುವುದು ಯಂತ್ರಕ್ಕೆ ತಿಳಿಯದಿದ್ದರೆ, ಅದೇ ಗುಂಡಿಯನ್ನು ಎರಡನೆಯ ಸಲ ಒತ್ತಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅವಳ ಬೆರಳು ಎತ್ತಲಾರದೆ ಎತ್ತುತ್ತಿತ್ತು. ಹಾಗಾಗಿ ಜೋಡಿ ಅಕ್ಷರಗಳೆಲ್ಲ ಒಂಟಿಯಾಗಿ ಬೀಳುತ್ತಿದ್ದವು. ಬೆನ್ನು ಹೋಗಿ ಬೆನು ಆಯಿತು, ಕಣ್ಣು ಕಣು ಆಯಿತು. ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಹೋಗಿ ಹೊಟೆ ಎಂದು ಬಿದ್ದಾಗ ಅವನು, ಹೋಟೆಲಿಗೆ ಹೋಗೋಣವೇ ಎಂದು ತಮಾಷೆ ಮಾಡಿದ. ಅವಳ ಮುಖದ ಎಡಭಾಗ ಸ್ವಲ್ಪ ನಕ್ಕಿತು. ಜೋಡಿ ಅಕ್ಷರಕ್ಕಾಗಿ ಅವಳು ಮತ್ತೆ ಮತ್ತೆ ಒತ್ತಿ ಬೆವರುವುದನ್ನು ಅವನಿಂದ ನೋಡಲಾಗಲಿಲ್ಲ.

"ಎರಡೆರಡು ಸಲ ಒತ್ತಬೇಡ," ಎಂದ. "ಒಂದೇ ಸಲ ಒತ್ತು. ಒತ್ತು ನಾನು ಹಾಕ್ಕೋತೀನಿ."

ಅಂದಿನಿಂದ ಅದೇ ಅವರ ಬರವಣಿಗೆಯ ನಿಯಮವಾಯಿತು. ಅವಳು ಅಕ್ಷರ ಕೊಡುವುದು, ಅವನು ಒತ್ತು ಕೊಡುವುದು. ವಿಭಕ್ತಿ ಪ್ರತ್ಯಯಗಳೂ ಉದುರಿದವು, ಮರ್ಯಾದೆಯ ರೀ ಕೂಡ ಉದುರಿತು. ಮದುವೆಯಾದಂದಿನಿಂದ ಬನ್ನಿ ಕೊಡಿ ಎನ್ನುತ್ತಿದ್ದವಳು ಈಗ ಬಾ, ಕೊಡು ಎಂದು ಬರೆದಾಗ ಅವನು, ಈ ವಯಸ್ಸಿನಲ್ಲಿ ಗಂಡನನ್ನು ಏಕವಚನದಲ್ಲಿ ಕರೆಯುವ ಧೈರ್ಯ ಬಂತೇ ಎಂದು ರೇಗಿಸಿದ. ಹೀಗೆ ಸ್ವಲ್ಪ ದಿನ ಆ ಕತ್ತಲೆ ಕೋಣೆಯಲ್ಲಿ ಇಬ್ಬರೂ ಸುಖವಾಗಿದ್ದರು ಎಂದೇ ಹೇಳಬೇಕು.

ಅವಳನ್ನು ಮೀಯಿಸಿ ಬಟ್ಟೆ ಬದಲಿಸಲು ಬೆಳಿಗ್ಗೆ ಒಬ್ಬ ಆಯಾ ಬರುತ್ತಿದ್ದಳು. ಹಾಸಿಗೆ ಹುಣ್ಣು ಒಮ್ಮೆ ಬಂದರೆ ಮಾಯುವುದಿಲ್ಲ, ಹೊತ್ತುಹೊತ್ತಿಗೆ ಮಗ್ಗಲು ಬದಲಿಸುತ್ತಿರಬೇಕು ಎಂದು ಅವಳು ಅವನ ತಲೆಯಲ್ಲಿ ಚೆನ್ನಾಗಿ ತುಂಬಿದ್ದಳು. ಅದೇ ವಾರ ಪರದೆಯ ಮೇಲೆ ಎಮ್, ಎ, ಜಿ, ಎ, ಎಲ್, ಯು ಎಂದು ಬಿತ್ತು. ಅವನು ಒಂದು ಕ್ಷಣವೂ ತಡಮಾಡದೆ ನಡುವಿನ ಜಿ ಅಕ್ಷರಕ್ಕೆ ಒತ್ತು ಹಾಕಿಕೊಂಡ. ಮಗ್ಗಲು. ಅವಳನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟ. ಅಂದು ಅವಳು ಕೇಳಿದ್ದು ಮಗ್ಗಲನ್ನೇ ಇರಬಹುದು. ಅವಳು ನಿಟ್ಟುಸಿರು ಬಿಟ್ಟಳು, ಅವನಿಗೆ ಅಷ್ಟು ಸಾಕಾಯಿತು.

ಈ ನಡುವೆ ಅವನು ಕಾಯುತ್ತಿದ್ದ. ಹೌದು, ಪ್ರತಿದಿನ ಕಾಯುತ್ತಿದ್ದ. ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ಬಂದು ಸ್ಟೂಲಿನ ಪಕ್ಕ ಕೂರುತ್ತಿದ್ದ. ಅವಳ ಬೆರಳು ಎದ್ದಾಗಲೆಲ್ಲ ಮೊದಲ ಅಕ್ಷರ ಯಾವುದು ಬೀಳುತ್ತದೋ ಎಂದು ಪರದೆಯತ್ತ ಬಾಗುತ್ತಿದ್ದ. ಜಿ ಬಿದ್ದರೆ ಗುಬ್ಬಿ. ಒತ್ತಿಲ್ಲದೆ ಗುಬಿ ಎಂದು ಬರುತ್ತದೆ, ಅದೂ ಅವನಿಗೆ ಗೊತ್ತಿತ್ತು. ಬಂದ ಕೂಡಲೇ ಫೋನು ಮಾಡುವುದು ಎಂದು ಲಾಂಡ್ರಿಯ ನಂಬರನ್ನು ಬೀಗದ ರಿಪೇರಿಯವನ ಮೂಲಕ ತರಿಸಿಯೂ ಇಟ್ಟುಕೊಂಡಿದ್ದ. ಆದರೆ ಬೀಳುತ್ತಿದ್ದದ್ದು ಎಮ್. ಎಮ್ ಬಿದ್ದೊಡನೆ ಅವನ ಮುಖ ಇಳಿಯುತ್ತಿತ್ತು. ಉಳಿದ ಅಕ್ಷರಗಳಿಗೂ ಕಾಯದೆ ಎದ್ದು, ಅವಳ ಭುಜದಡಿ ಕೈ ಹಾಕುತ್ತಿದ್ದ. ಇವಳೂ ಮಗಳ ಆಸೆ ಬಿಟ್ಟುಬಿಟ್ಟಳು, ಇವಳ ಮನಸ್ಸೂ ಕಲ್ಲಾಯಿತು ಎಂದುಕೊಳ್ಳುತ್ತಿದ್ದ. ಅದರಿಂದ ಅವನಿಗೆ ನೋವಾಗುತ್ತಿತ್ತು, ಒಳಗೆಲ್ಲೋ ಒಂದಿಷ್ಟು ಸಮಾಧಾನವೂ ಆಗುತ್ತಿತ್ತು. ಹೆಂಡತಿಯೇ ಕೇಳದಿದ್ದ ಮೇಲೆ ತಪ್ಪು ತನ್ನೊಬ್ಬನದಲ್ಲವಲ್ಲ.

ಆ ಹೆಸರು ಈ ಮನೆಯಲ್ಲಿ ಬರಕೂಡದು ಎಂದು ತಾನೇ ಹೇಳಿದ್ದೆ ಎನ್ನುವುದು ಅವನಿಗೆ ಮರೆತೇಹೋಗಿತ್ತು. ಆಡಿದವನಿಗೆ ಮರೆಯುತ್ತದೆ, ಕೇಳಿಸಿಕೊಂಡವಳಿಗೆ ಮರೆಯುವುದಿಲ್ಲ. ಅವಳು ಹೆಸರನ್ನು ಎತ್ತಲಿಲ್ಲ.

ಒಂದು ಬೆಳಿಗ್ಗೆ ಆಯಾ ಇರುವಾಗಲೇ ಅದೇ ಪದ ಮತ್ತೆ ಬಿತ್ತು. ಅವನು ಹೊರಳಿಸಲು ಹೋದಾಗ ಆಯಾ ತಡೆದು, ನಾನು ಈಗ ತಾನೇ ಹೊರಳಿಸಿದೆನಲ್ಲ, ಅಮ್ಮನಿಗೆ ಬೇರೇನೋ ಬೇಕು ಅನ್ನಿಸುತ್ತದೆ, ಕಣ್ಣು ನೋಡಿ ಎಂದಳು. ಇಂಗ್ಲಿಷ್ ಅಕ್ಷರ ಓದಲು ಬಾರದ ಹೆಂಗಸು. ನಮ್ಮ ಬರವಣಿಗೆ ನಿನಗೇನು ಗೊತ್ತು ಎಂದು ಅವನು ಗದರಿದ. ಅವನು ಹೆಂಡತಿಯನ್ನು ಬಲಕ್ಕೆ ಹೊರಳಿಸಿದ. ಹಾಸಿಗೆಯಲ್ಲಿದ್ದವಳು ಗೋಡೆ ನೋಡುತ್ತ ಮಲಗಿದಳು.

ಬೆರಳು ದಿನದಿನಕ್ಕೆ ಸೋಲುತ್ತ ಬಂತು. ಮೊದಲು ಹತ್ತು ಪದ ಬರೆಯುತ್ತಿದ್ದವಳು ಆಮೇಲೆ ದಿನಕ್ಕೆ ಮೂರೋ ನಾಲ್ಕೋ ಬರೆದಳು. ನೀರು, ಬೆನು, ಸಾಕು ಇವೆಲ್ಲ ನಿಂತವು. ಉಳಿದದ್ದು ಆ ಒಂದೇ ಪದ. ಮೈಯಲ್ಲಿ ಇರುವಷ್ಟು ಶಕ್ತಿಯನ್ನು ಅದಕ್ಕೇ ಕೂಡಿಟ್ಟುಕೊಂಡಂತೆ ಬರೆಯುತ್ತಿದ್ದಳು. ಎಷ್ಟು ನೋವಿರಬೇಕು ಇವಳಿಗೆ ಎಂದು ಅವನು ಹೊಸ ಹಾಸಿಗೆ ತರಿಸಿದ, ಗಾಳಿ ತುಂಬುವಂಥದು. ಕೇಳಿದ ಕೂಡಲೇ ಹೊರಳಿಸುತ್ತಿದ್ದ. ಅಂಗಡಿಗೆ ಹೋಗುವುದನ್ನೇ ಬಿಟ್ಟ. ಅವನ ಸೇವೆ ನೋಡಿ ನೆರೆಯವರು, ಗಂಡ ಎಂದರೆ ಹೀಗಿರಬೇಕು ಎಂದರು. ಸೇವೆ ನಿಜವಾದದ್ದೇ. ಅದೇ ಸಂಕಟ.

ಕೊನೆಯ ಸಲ ಅವಳು ಬರೆದದ್ದು ಒಂದು ಮೋಡ ಕವಿದ ಮಧ್ಯಾಹ್ನ. ಆರು ಅಕ್ಷರ ಬಿದ್ದವು. ಅವನು ಎದ್ದ. ಅವಳು ಕಣ್ಣಿನಿಂದಲೇ, ಇರು ಎಂಬಂತೆ ತಡೆದಳು. ಬೆರಳು ಗುಂಡಿಗಳ ಮೇಲೆ ತೆವಳಿತು. ಕೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಎ. ಆರ್. ಅವಳ ಹಣೆಯ ಮೇಲಿನ ಬೆವರು ಕಿವಿಯೊಳಗೆ ಇಳಿಯಿತು, ಅವನು ಒರೆಸಿದ. ಇ. ಮಗಲು ಕರೆ.

ಅವನು ಗಟ್ಟಿಯಾಗಿ ಓದಿದ: ಮಗ್ಗಲು, ಕರೆ. ಕರೆ ಎಂದರೆ ಏನು? ಬಟ್ಟೆಗೆ ಹತ್ತುವ ಕರೆ, ರಕ್ತದ ಕರೆ. ಹಾಸಿಗೆ ಹುಣ್ಣು! ಅವಳನ್ನು ಹೊರಳಿಸಿ ಬಟ್ಟೆ ಸರಿಸಿ ನೋಡಿದ. ಸೊಂಟದ ಪಕ್ಕದಲ್ಲಿ, ರೂಪಾಯಿಯಗಲ ಕೆಂಪು ಕರೆ ನಿಜಕ್ಕೂ ಇತ್ತು. ಇಷ್ಟು ಸಣ್ಣದನ್ನೂ ಹೇಳಿದೆಯಲ್ಲ, ಒಳ್ಳೆಯದಾಯಿತು ಎಂದು ಅವಳ ತಲೆ ಸವರಿ, ಮುಲಾಮು ಹಚ್ಚಿ, ದಿಂಬು ಬದಲಿಸಿದ. ತಾನು ಸರಿಯಾಗಿ ಅರ್ಥಮಾಡಿಕೊಂಡೆ ಎಂದು ಅವನಿಗೆ ಆ ದಿನ ಹೆಮ್ಮೆಯಾಗಿತ್ತು. ಅವಳ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಅಳುವೋ ಹೇಳುವ ಹಾಗಿರಲಿಲ್ಲ, ಮುಖದ ನರಗಳು ಅಷ್ಟು ಹೊತ್ತಿಗೆ ಎರಡಕ್ಕೂ ಉಳಿದಿರಲಿಲ್ಲ. ಆಮೇಲೆ ಕಣ್ಣು ಮುಚ್ಚಿದಳು. ಮರುದಿನ ಬೆರಳು ಏಳಲಿಲ್ಲ, ಅದರ ಮರುದಿನವೂ ಏಳಲಿಲ್ಲ. ಕೆಂಪು ಕರೆ ಮಾತ್ರ ಮುಲಾಮಿಗೆ ಚೆನ್ನಾಗಿ ವಾಸಿಯಾಯಿತು.

ಮುಂದಿನ ತಿಂಗಳು ಅವಳು ಹೋದಳು. ಬೆಳಿಗ್ಗೆ ಆಯಾ ಬಿಸಿನೀರಿನ ಬಕೆಟ್ ತಂದಾಗ ಉಸಿರಿರಲಿಲ್ಲ. ಆಗ ಅವನು ಲಾಂಡ್ರಿಗೆ ಫೋನು ಮಾಡಿದ. ಆ ಕಡೆ ಮಗಳ ದನಿ ಬಂದಾಗ, ಅಮ್ಮ ಹೋದಳು ಎಂದಷ್ಟೇ ಹೇಳಲಾಯಿತು ಅವನಿಂದ. ಮಣ್ಣಾದ ಮರುದಿನ ಗುಬ್ಬಿ ಬಂದಳು. ಬಸ್ಸು ಕೆಟ್ಟು ತಡವಾಯಿತಂತೆ. ಕೈಯಲ್ಲಿ ಅದೇ ತರಹದ ಒಂದು ಚೀಲ, ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿದ ಹಳೆಯ ಸುಟ್ಟಗಾಯ. ಅತ್ತು ಮುಗಿಸಿಯೇ ಬಂದವಳಂತಿದ್ದಳು.

ಕೋಣೆಯ ಕತ್ತಲೆ ನೋಡಿ ಅವಳು ನೇರ ಕಿಟಕಿಗೆ ಹೋಗಿ ಕಪ್ಪು ಬಟ್ಟೆಯನ್ನು ಸರ್ರನೆ ಎಳೆದಳು. ಬೇಡ, ಬಿಸಿಲು ಬಿದ್ದರೆ ಎನ್ನುತ್ತ ಅವನು ಎದ್ದವನು ಮತ್ತೆ ಕೂತ. ಇನ್ನು ಬಿಸಿಲು ಬಿದ್ದರೇನು? ಬೆಳಕಿನಲ್ಲಿ ಅವಳು ಸ್ಟೂಲಿನ ಮೇಲಿದ್ದದ್ದನ್ನು ಕಂಡು, ತಿರುಗಿಸಿ, ಹರಿದ ನಕ್ಷತ್ರವನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಇದು ನನ್ನದಲ್ಲವೇ ಎಂದಳು. ಅವನಿಗೆ ಮಾತಾಡಲು ಒಂದು ದಾರಿ ಸಿಕ್ಕಂತಾಯಿತು. ಕೀಬೋರ್ಡು, ಕಾಣದ ಬೆಳಕು, ಎದುರುಬದುರು ಕೂರಿಸಿದ್ದು, ಅಮ್ಮ ಒಂದೇ ಬೆರಳಿನಿಂದ ಮಾತಾಡಿದ್ದು, ಎಲ್ಲವನ್ನೂ ಗಿರಾಕಿಗೆ ವಿವರಿಸುವಂತೆ ವಿವರಿಸಿದ. ಅವಳು ಕೇಳಿಸಿಕೊಂಡಳು. ಚಿಕ್ಕವಳಿದ್ದಾಗಿನಿಂದ ಅಪ್ಪನನ್ನು ನೀನು ಎನ್ನುತ್ತಿದ್ದವಳು.

"ಅಮ್ಮ ನನ್ನನ್ನ ಕೇಳಲಿಲ್ವಾ?" ಎಂದಳು. "ಅಷ್ಟೆಲ್ಲ ಬರೆದಳು ಅಂತೀರಿ ನೀವು."

ನೀವು ಎನ್ನುವ ಆ ಮರ್ಯಾದೆ ಅವನಿಗೆ ಚುಚ್ಚಿತು. ಸುಳ್ಳು ಹೇಳಬಹುದಿತ್ತು. ಆದರೆ ಅವನು ಸುಳ್ಳು ಹೇಳುವವನಲ್ಲ, ಅದೂ ಅವನ ಖಡಕ್‌ತನದಲ್ಲಿ ಒಂದು.

"ಇಲ್ಲ," ಎಂದ. "ನಾನು ಕಾಯ್ತಾನೇ ಇದ್ದೆ. ಒಂದು ಸಲನೂ ನಿನ್ನ ಹೆಸರು ಬರಲಿಲ್ಲ."

ಅವಳು ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ಬಸ್ಸಿನಲ್ಲಿ ಅತ್ತದ್ದು ಯಾತಕ್ಕೂ ಸಾಲಲಿಲ್ಲ ಎಂದು ಅವಳ ಮುಖ ಹೇಳುತ್ತಿತ್ತು. ಅದನ್ನು ನೋಡಲಾಗದೆ ಅವನು ಸಮಾಧಾನ ಹೇಳಲು ಹೊರಟ. ಅಮ್ಮನಿಗೆ ಯಾರನ್ನೂ ಕೇಳುವಷ್ಟು ತ್ರಾಣ ಉಳಿದಿರಲಿಲ್ಲ, ಕೊನೆಕೊನೆಗೆ ದಿನಾ ಕೇಳುತ್ತಿದ್ದದ್ದು ಒಂದೇ, ಮಗ್ಗಲು ಬದಲಿಸು ಅಂತ, ಎಷ್ಟು ಸಲ ಕೇಳಿದರೂ ನಾನು ಬೇಸರಪಡಲಿಲ್ಲ ಎಂದ. ಬೇಕಾದರೆ ನೋಡು ಎಂದು ಯಂತ್ರದ ಗುಂಡಿ ಒತ್ತಿದ. ಕೊನೆಯ ಸಾಲು ಪರದೆಯ ಮೇಲೆ ಹಾಗೇ ಇತ್ತು.

ಗುಬ್ಬಿ ಪರದೆಯನ್ನು ಕೈಯಿಂದ ಬಿಸಿಲಿಗೆ ಮರೆಮಾಡಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಯಾರು ಓದಿದರೂ ಓದುವಂತೆ ಓದಿದಳು.

"ಮಗಳು. ಕರೆ."

"ಮಗಳಲ್ಲ," ಎಂದ ಅವನು, ಗಿರಾಕಿಯ ತಪ್ಪು ತಿದ್ದುವ ಅದೇ ದನಿಯಲ್ಲಿ. "ಮಗ್ಗಲು. ಒತ್ತು ನಾನು ಹಾಕ್ಕೋ..."

ಅಲ್ಲಿಗೆ ನಿಂತ. ಮಗಳಲ್ಲ ಎನ್ನುವ ಇದೇ ಮಾತನ್ನು ಇದೇ ಮನೆಯಲ್ಲಿ, ಇವಳಿಗೇ, ಹಿಂದೆಯೂ ಆಡಿದ್ದೆನೆಂದು ಅವನ ಕಿವಿಗೇ ಕೇಳಿಸಿತು. ಹೆಂಡತಿ ಆ ಹೆಸರೊಂದನ್ನು ಬಿಟ್ಟು ಬೇರೆ ಪದ ಹುಡುಕಿಕೊಂಡಿದ್ದಳು. ಅದಕ್ಕೆ ಅವನು ಒತ್ತು ಹಾಕಿದ್ದ. ಅವಳು ಕೇಳಿದಾಗಲೆಲ್ಲ ಎಡಕ್ಕೆ ಹೊರಳಿಸಿದ್ದ, ಬಲಕ್ಕೆ ಹೊರಳಿಸಿದ್ದ, ಗೋಡೆಗೆ ಮುಖ ಮಾಡಿ ಮಲಗಿಸಿದ್ದ. ಕರೆ ಎಂದವಳಿಗೆ ಮುಲಾಮು ಹಚ್ಚಿದ್ದ. ಕೇಳಲಿ ಎಂದು ಅವನು ಕಾದಷ್ಟು ದಿನವೂ ಅವಳು ಕೇಳುತ್ತಲೇ ಇದ್ದಳು.

ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೂ ಅರ್ಥವಾಗಿತ್ತು.

"ದಿನಾ ಬರೀತಿದ್ದಳು ಅಂದ್ರಲ್ಲ?"

ಅವನು ಹೌದೆಂದು ತಲೆಯಾಡಿಸಿದ.

ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಆಟದ ಯಂತ್ರವನ್ನು ಆರಿಸಿ, ಚೀಲದೊಳಗೆ ಬಟ್ಟೆಗಳ ನಡುವೆ ಇಟ್ಟುಕೊಂಡು, ಅಮ್ಮನ ದಿಂಬನ್ನೊಮ್ಮೆ ಸರಿಪಡಿಸಿ ಹೊರಗೆ ನಡೆದಳು. ಮೆಟ್ಟಿಲಿನ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ಕರೆ ಎಂದು ಹೆಂಡತಿ ಹೇಳಿಹೋಗಿದ್ದಾಳೆ, ಈಗಲಾದರೂ ಕರೆಯಬೇಕು ಎಂದು ಅವನು ಬಾಗಿಲ ತನಕ ಓಡಿದ. ಬಾಯಿ ತೆರೆದ. ಅಷ್ಟು ವರ್ಷ ಮನೆಯಲ್ಲಿ ಬರಕೂಡದೆಂದು ಹೊರಗಿಟ್ಟ ಹೆಸರು ತಟ್ಟನೆ ನಾಲಿಗೆಗೆ ಬರಲಿಲ್ಲ. ಬರೀ ಗಾಳಿ ಬಂತು, ಹೆಂಡತಿಗೆ ಬರುತ್ತಿದ್ದ ಹಾಗೆ. ಕೊನೆಗೆ ಅವನು ಗುಬ್ಬಿ ಎಂದು ಕೂಗಿದ. ಅಷ್ಟು ಹೊತ್ತಿಗೆ ಕೆಳಗಿನ ಗೇಟು ಹಾಕಿಕೊಂಡ ಸದ್ದು ಆಗಿಹೋಗಿತ್ತು.